ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇಸ್ರೋ ಬಾಗಿಲು ತೆರೆದಿದೆ, ತಟ್ಟುವವರು ಯಾರು?

ಹಳ್ಳಿ ಶಾಲೆಗೆ ಹದಿನೈದು ಅಂಕ ಬೋನಸ್ - ಊಟ, ವಸತಿ, ಪ್ರಯಾಣ ಎಲ್ಲ ಸರ್ಕಾರದ್ದೇ - ಫೆಬ್ರುವರಿ ತಪ್ಪಿದರೆ ಆ ಅವಕಾಶ ಮತ್ತೆ ಇಲ್ಲ

ಹದಿನಾಲ್ಕು ವರ್ಷದ ಹುಡುಗನೋ ಹುಡುಗಿಯೋ ರಾಕೆಟ್ ಮಾಡುವವರ ಅಂಗಳದಲ್ಲೇ ಎರಡು ವಾರ ಉಂಡು, ಮಲಗಿ, ವಿಜ್ಞಾನಿಗಳ ಬಾಯಿಂದಲೇ ಪಾಠ ಕೇಳಿ ಬರುವುದು. ಫೀಸು ಇಲ್ಲ. ಊಟ ವಸತಿಗೆ ಕಾಸು ಕೊಡಬೇಕಿಲ್ಲ. ಹೋಗಿ ಬರುವ ರೈಲು, ಬಸ್ ಚಾರ್ಜೂ ವಾಪಸ್ಸು. ಜೊತೆಗೆ ಬಿಡಲು, ಕರೆತರಲು ಹೋದ ಅಪ್ಪನಿಗೋ ಅಮ್ಮನಿಗೋ ಕೂಡ ಚಾರ್ಜು ಸಿಗುತ್ತದೆ.

ಇಂಥದ್ದೊಂದು ಇದೆ ಎಂದು ಪೇಟೆ ಬೀದಿಯಲ್ಲಿ ಹೇಳಿದರೆ ಬರುವ ಮೊದಲ ಮಾತು ಒಂದೇ: "ಬಿಡ್ರಿ ಸ್ವಾಮಿ, ಅದೆಲ್ಲ ಬೆಂಗ್ಳೂರಿನ ದೊಡ್ಡ ಸ್ಕೂಲಿನ ಮಕ್ಕಳಿಗೆ. ನಮ್ಮಂಥೋರಿಗೆಲ್ಲಿ?"

ಆ ಮಾತು ತಪ್ಪು. ಎಷ್ಟು ತಪ್ಪು ಎಂಬುದನ್ನು ಅಂಗಡಿಯ ಲೆಕ್ಕದ ಹಾಗೆ ಕೂಡಿಸಿ ಕಳೆದೇ ನೋಡಬಹುದು. ಆದರೆ ಮೊದಲು ವಿಷಯ ತಿಳಿಯಲಿ.

ಏನಿದು ಯುವಿಕಾ?

ಇದರ ಪೂರ್ತಿ ಹೆಸರು ಯುವ ವಿಜ್ಞಾನಿ ಕಾರ್ಯಕ್ರಮ. ಚಿಕ್ಕದಾಗಿ ಯುವಿಕಾ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆ, ಅಂದರೆ ನಮ್ಮ ಇಸ್ರೋ, 2019ರಲ್ಲಿ ಶುರು ಮಾಡಿದ ಬೇಸಿಗೆ ಶಾಲೆ. ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ಮಕ್ಕಳಿಗೆ ಮಾತ್ರ ಪ್ರವೇಶ. ಎಂಟರವನಿಗೂ ಇಲ್ಲ, ಹತ್ತರವನಿಗೂ ಇಲ್ಲ.

ಒಂಬತ್ತೇ ಯಾಕೆ? ಎಳೆಯ ವಯಸ್ಸಿನಲ್ಲೇ ವಿಜ್ಞಾನದ ರುಚಿ ಹಿಡಿಸಬೇಕು ಎಂಬುದು ಇಸ್ರೋ ಹೇಳುವ ಕಾರಣ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ. ಹತ್ತು ಮುಗಿಯುವ ಹೊತ್ತಿಗೆ ಸೈನ್ಸೋ ಕಾಮರ್ಸೋ ಎಂದು ಮನೆಯವರು ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಅದಕ್ಕೂ ಒಂದು ವರ್ಷ ಮೊದಲೇ ಮಗುವಿನ ತಲೆಯಲ್ಲಿ ಒಂದು ಹುಳ ಬಿಟ್ಟರೆ ಅದು ಸುಮ್ಮನಿರುವುದಿಲ್ಲ.

2019ರ ಮೇ 13ರಿಂದ 26ರವರೆಗೆ ಮೊದಲ ಶಾಲೆ ನಡೆಯಿತು. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರ, ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರ, ಅಹಮದಾಬಾದಿನ ಕೇಂದ್ರ, ಶಿಲ್ಲಾಂಗಿನ ಕೇಂದ್ರ, ಹೀಗೆ ನಾಲ್ಕು ಕಡೆ. ರಾಜ್ಯಕ್ಕೆ ಮೂವರಂತೆ ದೇಶಕ್ಕೆಲ್ಲ ನೂರಕ್ಕೂ ಸ್ವಲ್ಪ ಮೇಲೆ ಮಕ್ಕಳು. 2020ರಲ್ಲಿ ಮೇ ತಿಂಗಳಿಗೆ ಗೊತ್ತುಮಾಡಿದ್ದ ಶಾಲೆ ಕೊರೊನಾದಿಂದ ನಡೆಯಲಿಲ್ಲ. 2021ರಲ್ಲೂ ಇಲ್ಲ. 2022ರಲ್ಲಿ ಮತ್ತೆ ಶುರುವಾದಾಗ ಹೈದರಾಬಾದು ಸೇರಿ ಐದು ಕೇಂದ್ರ, ಸುಮಾರು 150 ಮಕ್ಕಳು. 2023ರಲ್ಲಿ ಡೆಹ್ರಾಡೂನು, ಶ್ರೀಹರಿಕೋಟಾ ಕೂಡಿ ಏಳು ಕೇಂದ್ರ, ಸುಮಾರು 350 ಮಕ್ಕಳು. 2024ರಲ್ಲೂ 2025ರಲ್ಲೂ ಮೇ ತಿಂಗಳಲ್ಲಿ ನಡೆದಿದೆ.

ಎರಡು ವಾರ ಏನು ಮಾಡಿಸುತ್ತಾರೆ?

"ಬರೀ ಭಾಷಣ ಇರ್ಬೇಕು" ಎಂದು ಮೂಗು ಮುರಿಯುವವರೂ ಇದ್ದಾರೆ. ತರಗತಿ ಇದೆ, ನಿಜ. ಆದರೆ ಅದರ ಜೊತೆಗೆ ಕೈಯಿಂದ ಮಾಡುವ ಕೆಲಸ ಬೇಕಾದಷ್ಟಿದೆ. ಇಸ್ರೋ ಪ್ರಕಟಣೆಗಳಲ್ಲೇ ಹೇಳಿರುವಂತೆ ಕ್ಯಾನ್‌ಸ್ಯಾಟ್, ರೋಬೋ ಜೋಡಣೆ, ಮಾದರಿ ರಾಕೆಟ್ಟು, ಪ್ರಯೋಗಶಾಲೆಗಳ ಭೇಟಿ, ವಿಜ್ಞಾನಿಗಳ ಜೊತೆ ಮಾತುಕತೆ.

ಕ್ಯಾನ್‌ಸ್ಯಾಟ್ ಎಂದರೆ ತಂಪು ಪಾನೀಯದ ಡಬ್ಬಿಯಷ್ಟು ದೊಡ್ಡದಾದ ಪುಟಾಣಿ ಉಪಗ್ರಹದ ಮಾದರಿ. ಅಂತರಿಕ್ಷಕ್ಕೆ ಹೋಗುವುದಿಲ್ಲ. ಎತ್ತರಕ್ಕೆ ಒಯ್ದು ಬಿಟ್ಟರೆ ಪ್ಯಾರಾಚೂಟು ಬಿಚ್ಚಿಕೊಂಡು ನಿಧಾನ ಇಳಿಯುತ್ತದೆ. ಇಳಿಯುತ್ತಾ ಇಳಿಯುತ್ತಾ ಗಾಳಿಯ ಬಿಸಿ ಎಷ್ಟು, ಒತ್ತಡ ಎಷ್ಟು ಎಂದು ರೇಡಿಯೋ ಮೂಲಕ ಕೆಳಗಿರುವವರಿಗೆ ವರದಿ ಕೊಡುತ್ತದೆ. ನೆಲದ ಹತ್ತಿರ ಸುಮಾರು ಎಂಟು ಮೀಟರು ಮೇಲೇರಿದರೆ ಗಾಳಿಯ ಒತ್ತಡ ಒಂದು ಮಿಲಿಬಾರ್ ಇಳಿಯುತ್ತದೆ. ಹಾಗಾಗಿ ಒತ್ತಡ ಗೊತ್ತಾದರೆ ಡಬ್ಬಿ ಎಷ್ಟು ಎತ್ತರದಲ್ಲಿದೆ ಎಂಬುದೂ ಗೊತ್ತಾಗುತ್ತದೆ. ನಿಜವಾದ ಉಪಗ್ರಹಕ್ಕೆ ಬೇಕಾದ ವಿದ್ಯುತ್ತು, ಅಳೆಯುವ ಸಲಕರಣೆ, ಸುದ್ದಿ ಕಳಿಸುವ ರೇಡಿಯೋ, ತೂಕದ ಮಿತಿ ಎಲ್ಲವೂ ಈ ಡಬ್ಬಿಯಲ್ಲೂ ಇವೆ. ಒಂದು ಗ್ರಾಂ ಹೆಚ್ಚಾದರೂ ಎಲ್ಲಿಂದ ಕಳೆಯೋದು ಎಂದು ಮಕ್ಕಳೇ ತಲೆ ಕೆರೆದುಕೊಳ್ಳಬೇಕು.

ಮಾದರಿ ರಾಕೆಟ್ಟಿನ ಪಾಠ ಇನ್ನೂ ಸ್ವಾರಸ್ಯದ್ದು. ದೀಪಾವಳಿ ರಾಕೆಟ್ಟಿಗೆ ಉದ್ದ ಕಡ್ಡಿ ಯಾಕೆ ಕಟ್ಟಿರುತ್ತಾರೆ? ಎಲ್ಲರೂ ಹೊಡೆದಿದ್ದಾರೆ, ಕೇಳಿದವರು ಕಡಿಮೆ. ಕಡ್ಡಿ ಮುರಿದ ರಾಕೆಟ್ಟು ನೆಟ್ಟಗೆ ಹೋಗದೆ ಪಕ್ಕದ ಮನೆ ಜಗುಲಿಗೆ ನುಗ್ಗುವುದನ್ನು ಕಂಡವರಿಗೆ ಉತ್ತರ ಅರ್ಧ ಗೊತ್ತು. ಹಾರುವ ವಸ್ತುವಿನ ತೂಕ ಮುಂದಿರಬೇಕು, ಗಾಳಿಗೆ ಒಡ್ಡಿಕೊಳ್ಳುವ ಭಾಗ ಹಿಂದಿರಬೇಕು. ಆಗ ಮೂತಿ ಸ್ವಲ್ಪ ವಾಲಿದರೂ ಗಾಳಿಯೇ ಬಾಲವನ್ನು ಹಿಡಿದು ನೆಟ್ಟಗೆ ಮಾಡುತ್ತದೆ. ಬಾಣದ ಬುಡಕ್ಕೆ ಗರಿ ಕಟ್ಟುವುದೂ ಇದಕ್ಕೇ, ಮಾದರಿ ರಾಕೆಟ್ಟಿನ ಬುಡಕ್ಕೆ ರೆಕ್ಕೆ ಅಂಟಿಸುವುದೂ ಇದಕ್ಕೇ. ಪುಸ್ತಕದಲ್ಲಿ ಎರಡು ಪುಟ ಬಾಯಿಪಾಠ ಮಾಡಿದ್ದು ಪರೀಕ್ಷೆ ಮುಗಿದ ಮೇಲೆ ಮರೆಯುತ್ತದೆ. ತಾನೇ ಅಂಟಿಸಿದ ರೆಕ್ಕೆ ಸೊಟ್ಟಗಾಗಿ ರಾಕೆಟ್ಟು ಮಗುಚಿಕೊಂಡದ್ದನ್ನು ಕಂಡ ಮಗು ಜನ್ಮದಲ್ಲಿ ಮರೆಯುವುದಿಲ್ಲ.

ಇನ್ನು ಕೇಂದ್ರಗಳ ಮಾತು. ಬೆಂಗಳೂರಿನ ಕೇಂದ್ರಕ್ಕೆ ಹೆಸರು ಕೊಟ್ಟ ಯು.ಆರ್. ರಾಯರು ಉಡುಪಿ ಹತ್ತಿರದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದವರು. ಅವರ ಮುಂದಾಳತ್ವದಲ್ಲಿ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿತು. ಹಳೆಯ ಅಂಗಡಿಯವರಿಗೆ ಆರ್ಯಭಟ ಗುರುತಿಲ್ಲದೆ ಇಲ್ಲ. ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿದ್ದ ಚಿತ್ರ ಅದೇ. ವರ್ಷಗಟ್ಟಲೆ ಗಲ್ಲಾಪೆಟ್ಟಿಗೆಯಲ್ಲಿ ಉಪಗ್ರಹ ಇಟ್ಟುಕೊಂಡೇ ವ್ಯಾಪಾರ ಮಾಡಿದವರು ನಾವು!

ತಿರುವನಂತಪುರಕ್ಕೆ ಹೋದ ಮಕ್ಕಳಿಗೆ ತುಂಬಾ ಹತ್ತಿರ. 1963ರ ನವೆಂಬರ್ 21ರಂದು ದೇಶದ ಮೊದಲ ರಾಕೆಟ್ಟು ಹಾರಿದ್ದು ಅಲ್ಲಿಂದ. ಮೀನುಗಾರರ ಊರಿನ ಒಂದು ಚರ್ಚೇ ಅಂದು ವಿಜ್ಞಾನಿಗಳ ಕಛೇರಿ. ಈಗ ಅದೇ ಕಟ್ಟಡದಲ್ಲಿ ಬಾಹ್ಯಾಕಾಶ ವಸ್ತುಸಂಗ್ರಹಾಲಯ ಇದೆ. ದೊಡ್ಡ ಕೆಲಸಕ್ಕೆ ದೊಡ್ಡ ಕಟ್ಟಡವೇ ಬೇಕೆಂದೇನೂ ಇಲ್ಲ ಎಂಬುದನ್ನು ಆ ಚರ್ಚಿಗಿಂತ ಚೆನ್ನಾಗಿ ಯಾವ ಮೇಷ್ಟ್ರು ಹೇಳಿಕೊಡಬಲ್ಲರು?

ಹದಿನೈದು ಅಂಕದ ಲೆಕ್ಕ

ಈಗ ಮುಖ್ಯ ವಿಷಯ. ಆಯ್ಕೆ ಹೇಗೆ?

2023ರಿಂದ 2025ರವರೆಗಿನ ಶಾಲೆಗಳಿಗೆ ಹಂಚಿದ ನೂರು ಅಂಕದ ಪಟ್ಟಿ ಹೀಗಿತ್ತು. ಎಂಟನೇ ತರಗತಿ ಪರೀಕ್ಷೆಯ ಫಲಿತಾಂಶಕ್ಕೆ 50. ಇಂಟರ್‌ನೆಟ್ಟಿನಲ್ಲಿ ನಡೆಯುವ ಕ್ವಿಜ್‌ಗೆ 10. ಹಿಂದಿನ ಮೂರು ವರ್ಷದಲ್ಲಿ ವಿಜ್ಞಾನ ಮೇಳದಲ್ಲಿ ಭಾಗವಹಿಸಿದ್ದರೆ ಶಾಲಾ ಮಟ್ಟಕ್ಕೆ 2, ಜಿಲ್ಲೆಗೆ 5, ರಾಜ್ಯ ಮತ್ತು ಮೇಲ್ಪಟ್ಟಿಗೆ 10. ಒಲಿಂಪಿಯಾಡ್ ಅಥವಾ ವಿಜ್ಞಾನ ಸ್ಪರ್ಧೆಯ ಬಹುಮಾನಕ್ಕೆ ಹೆಚ್ಚೆಂದರೆ 5. ಆಟೋಟದ ಗೆಲುವಿಗೆ ಹೆಚ್ಚೆಂದರೆ 5. ಸ್ಕೌಟ್ಸ್ ಗೈಡ್ಸ್, ಎನ್‌ಸಿಸಿ, ಎನ್‌ಎಸ್‌ಎಸ್ ಸದಸ್ಯನಾಗಿದ್ದರೆ 5. ಪಂಚಾಯಿತಿ ವ್ಯಾಪ್ತಿಯ ಹಳ್ಳಿ ಶಾಲೆಯಲ್ಲಿ ಓದುತ್ತಿದ್ದರೆ 15.

ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಹದಿನೈದು! ಏನೂ ಮಾಡಬೇಕಾಗಿಲ್ಲ, ಹಳ್ಳಿ ಶಾಲೆಯ ಬೆಂಚಿನ ಮೇಲೆ ಕೂತಿದ್ದರೆ ಸಾಕು.

ಲೆಕ್ಕ ಹಾಕೋಣ. ಪೇಟೆಯ ಒಬ್ಬ ಜಾಣ ಹುಡುಗ ಎಂಟರಲ್ಲಿ ನೂರಕ್ಕೆ 95 ತಂದಿದ್ದಾನೆ ಎಂದಿಟ್ಟುಕೊಳ್ಳಿ. ಐವತ್ತರ ಲೆಕ್ಕದಲ್ಲಿ ಅವನಿಗೆ ಸಿಗುವುದು 47 ವರೆ. ಕ್ವಿಜ್‌ನಲ್ಲಿ 8. ಒಟ್ಟು 55 ವರೆ. ಬರೀ ಪುಸ್ತಕ, ಟ್ಯೂಷನ್ನು, ಬೇರೇನಿಲ್ಲ.

ಹಳ್ಳಿಯ ಒಬ್ಬಳು ಹುಡುಗಿ. ಎಂಟರಲ್ಲಿ 76. ಐವತ್ತರ ಲೆಕ್ಕದಲ್ಲಿ 38. ಕ್ವಿಜ್‌ನಲ್ಲಿ 6. ಗೈಡ್ಸ್‌ನಲ್ಲಿ ಇದ್ದಾಳೆ, 5. ಶಾಲೆಯ ವಿಜ್ಞಾನ ಮೇಳದಲ್ಲಿ ಮಳೆಕೊಯ್ಲಿನ ಮಾದರಿ ಇಟ್ಟಿದ್ದಳು, 2. ಪಂಚಾಯಿತಿ ಶಾಲೆ, 15. ಒಟ್ಟು 66.

ಯಾರು ಮುಂದೆ? ಹತ್ತೂವರೆ ಅಂಕದಿಂದ ಹಳ್ಳಿ ಹುಡುಗಿ ಮುಂದೆ. ಪೇಟೆ ಹುಡುಗ ರಾಜ್ಯ ಮಟ್ಟದ ಮೇಳಕ್ಕೂ ಹೋಗಿ, ಒಲಿಂಪಿಯಾಡ್ ಬಹುಮಾನವನ್ನೂ ತಂದಿದ್ದರೆ ತಕ್ಕಡಿ ಮತ್ತೆ ಅತ್ತ ವಾಲುತ್ತದೆ, ಅದೂ ನಿಜ. ಆದರೆ "ನಮ್ಮಂಥೋರಿಗೆಲ್ಲಿ" ಎಂಬ ಮಾತಿಗೆ ಈ ಪಟ್ಟಿಯಲ್ಲಿ ಆಧಾರವಿಲ್ಲ. ಪಟ್ಟಿ ಮಾಡಿದವರು ಬೇಕೆಂದೇ ಹಳ್ಳಿ ಕಡೆಗೆ ಬಾಗಿಲು ಇಟ್ಟಿದ್ದಾರೆ.

ಇದು ಔದಾರ್ಯವೂ ಅಲ್ಲ. 2019ರಲ್ಲಿ ಯುವಿಕಾ ಶುರುವಾದಾಗ ಇಸ್ರೋ ಅಧ್ಯಕ್ಷರಾಗಿದ್ದ ಕೆ. ಶಿವನ್ ಕನ್ಯಾಕುಮಾರಿ ಜಿಲ್ಲೆಯ ರೈತನ ಮಗ, ಸರ್ಕಾರಿ ಶಾಲೆಯಲ್ಲಿ ತಮಿಳು ಮಾಧ್ಯಮದಲ್ಲಿ ಓದಿದವರು. ಅವರಿಗಿಂತ ಮೊದಲು, 2015ರಿಂದ 2018ರವರೆಗೆ, ಅದೇ ಕುರ್ಚಿಯಲ್ಲಿ ಕೂತಿದ್ದ ಎ.ಎಸ್. ಕಿರಣ್ ಕುಮಾರ್ ಹುಟ್ಟಿದ್ದು ಹಾಸನ ಜಿಲ್ಲೆಯ ಆಲೂರಿನಲ್ಲಿ. ಸಣ್ಣ ಊರಿನಿಂದ ದೊಡ್ಡ ತಲೆ ಬರುತ್ತದೆ ಎಂಬುದನ್ನು ಆ ಸಂಸ್ಥೆಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಮೆರಿಕದಲ್ಲೂ ಇಂಥ ಶಿಬಿರ ಉಂಟು. ಅಲಬಾಮಾದ ಹಂಟ್ಸ್‌ವಿಲ್ಲಿನಲ್ಲಿ 1982ರಿಂದ ನಡೆಯುತ್ತಿದೆ, ಜಗತ್ಪ್ರಸಿದ್ಧ. ಆದರೆ ಅಲ್ಲಿಗೆ ಹೋಗಲು ಅಪ್ಪನ ಜೇಬು ಗಟ್ಟಿ ಇರಬೇಕು. ಶುಲ್ಕ ಕಟ್ಟಿ ಸೇರುವ ಶಿಬಿರ ಅದು. ಇಲ್ಲಿ ಖರ್ಚು ಸರ್ಕಾರದ್ದು.

ಎಸ್ಸೆಸ್ಸೆಲ್ಸಿ ಭೂತ

ಇಷ್ಟೆಲ್ಲ ಹೇಳಿದರೂ ತಂದೆ ತಾಯಂದಿರ ಇನ್ನೊಂದು ಪ್ರಶ್ನೆ ಹಾಗೇ ಉಳಿಯುತ್ತದೆ. "ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ರಜೆಯಲ್ಲೇ ಟ್ಯೂಷನ್ ಶುರು ಮಾಡ್ತಾರೆ. ಎರಡು ವಾರ ರಾಕೆಟ್ ನೋಡ್ತಾ ಕೂತ್ರೆ ಪಾಠ ಯಾರು ಹೇಳ್ತಾರೆ?"

ಭಯ ಸುಳ್ಳಲ್ಲ. ಹತ್ತನೇ ತರಗತಿಯ ಅಂಕಪಟ್ಟಿ ಒಬ್ಬ ಹುಡುಗನ ಹಣೆಬರಹ ಬರೆಯುವ ಕಾಲ ಇದು. ಆದರೆ ಕ್ಯಾಲೆಂಡರ್ ತೆಗೆದು ನೋಡಿ. 2025ರ ಯುವಿಕಾ ಮೇ 19ರಿಂದ 30ರವರೆಗೆ. 2024ರದ್ದು ಮೇ 13ರಿಂದ 24ರವರೆಗೆ. ಬಹುಪಾಲು ಬೇಸಿಗೆ ರಜೆಯೊಳಗೇ ಮುಗಿಯುವ ಮಾತು. ಹನ್ನೆರಡು ದಿನದಲ್ಲಿ ತಪ್ಪುವ ಟ್ಯೂಷನ್ ಪಾಠವನ್ನು ಜೂನ್ ತಿಂಗಳಲ್ಲಿ ಹಿಡಿಯಬಹುದು. ಹನ್ನೆರಡು ದಿನದ ಇಸ್ರೋವನ್ನು ಜೂನ್ ತಿಂಗಳಲ್ಲಿ ಹಿಡಿಯಲು ಆಗುವುದಿಲ್ಲ.

"ಹೆಣ್ಣುಮಗು, ಅಷ್ಟು ದೂರ ಒಬ್ಬಳನ್ನೇ ಕಳಿಸೋದು ಹೇಗ್ರಿ?" ಎಂಬ ಅಮ್ಮಂದಿರಿಗೆ ಉತ್ತರ ಮೇಲೆಯೇ ಇದೆ. ಒಬ್ಬಳನ್ನೇ ಕಳಿಸಬೇಕಿಲ್ಲ. ಕೇಂದ್ರದವರೆಗೆ ಬಿಡುವುದಕ್ಕೂ ಮುಗಿದ ಮೇಲೆ ಕರೆತರುವುದಕ್ಕೂ ಮನೆಯವರೊಬ್ಬರು ಹೋಗಬಹುದು. ಹತ್ತಿರದ ರೈಲು ನಿಲ್ದಾಣದಿಂದ ಎರಡನೇ ದರ್ಜೆ ಎ.ಸಿ. ಮಿತಿಯೊಳಗೆ ಚಾರ್ಜು ಕೊಡುತ್ತಾರೆ, ಎ.ಸಿ. ಬಸ್ಸಿಗೂ ಉಂಟು. ಒಂದೇ ಷರತ್ತು: ಅಸಲು ಟಿಕೆಟ್ ತೋರಿಸಬೇಕು. ದಿನಾ ಬಸ್ಸಿಳಿದ ಕೂಡಲೇ ಟಿಕೆಟ್ ಮುದುರಿ ಎಸೆಯುವ ಅಭ್ಯಾಸದವರು ಆ ಒಂದು ದಿನ ಜೋಪಾನ ಮಾಡಲಿ. ಏಳರಲ್ಲಿ ಯಾವ ಕೇಂದ್ರ ಎಂಬುದನ್ನು ಇಸ್ರೋ ಹಂಚುತ್ತದೆ, ಬೆಂಗಳೂರೇ ಸಿಗುತ್ತದೆಂಬ ಖಾತ್ರಿಯಿಲ್ಲ. ಅದೂ ತಿಳಿದಿರಲಿ.

ಸುದ್ದಿ ಎಲ್ಲಿ ನಿಲ್ಲುತ್ತದೆ?

ಹಾಗಾದರೆ ತೊಡಕು ಎಲ್ಲಿ? ತೊಡಕು ಇರುವುದು ಸಮಯದಲ್ಲಿ.

2024ರಲ್ಲಿ ಅರ್ಜಿ ತೆಗೆದುಕೊಂಡದ್ದು ಫೆಬ್ರುವರಿ 20ರಿಂದ ಮಾರ್ಚ್ 20ರವರೆಗೆ. 2025ರಲ್ಲಿ ಫೆಬ್ರುವರಿ 24ರಿಂದ ಮಾರ್ಚ್ 23ರವರೆಗೆ. ಎರಡು ಸಲವೂ ಹೆಚ್ಚು ಕಡಿಮೆ ಒಂದು ತಿಂಗಳು. ಅದೂ ಎಂಥ ತಿಂಗಳು? ಶಾಲೆಗಳಲ್ಲಿ ಪರೀಕ್ಷೆಯ ಗಡಿಬಿಡಿ. ಮೇಷ್ಟರುಗಳೆಲ್ಲ ಎಸ್ಸೆಸ್ಸೆಲ್ಸಿ ಹುಡುಗರ ಬೆನ್ನು ಬಿದ್ದಿರುತ್ತಾರೆ, ಒಂಬತ್ತರ ಮಕ್ಕಳ ಕಡೆ ತಿರುಗಿ ನೋಡಲೂ ಪುರುಸೊತ್ತಿಲ್ಲ. ಪ್ರಕಟಣೆ ಬರುವುದು ಇಂಟರ್‌ನೆಟ್ಟಿನಲ್ಲಿ. ಅರ್ಜಿಯೂ ಅಲ್ಲೇ, ಕ್ವಿಜ್ಜೂ ಅಲ್ಲೇ. ಪೇಟೆಯ ದೊಡ್ಡ ಶಾಲೆಯಲ್ಲಿ ಇದನ್ನು ನೋಡಲೆಂದೇ ಒಬ್ಬ ಮೇಷ್ಟರು ಇರಬಹುದು. ಎಲ್ಲ ವಿಷಯಕ್ಕೂ ಇಬ್ಬರೋ ಮೂವರೋ ಇರುವ ಹಳ್ಳಿ ಶಾಲೆಯಲ್ಲಿ ನೋಡುವವರು ಯಾರು?

ವಿಚಿತ್ರ ನೋಡಿ. ಯಾರಿಗೆ ಹದಿನೈದು ಅಂಕ ಪುಕ್ಕಟೆ ಎಂದು ಬರೆದಿದೆಯೋ, ಸುದ್ದಿ ಕೊನೆಗೆ ಮುಟ್ಟುವುದು ಅವರಿಗೇ. ಪಡಿತರ ಅಂಗಡಿಗೆ ಸಕ್ಕರೆ ಬಂದ ಸುದ್ದಿ ಅರ್ಧ ಗಂಟೆಯಲ್ಲಿ ಊರು ತುಂಬುತ್ತದೆ. ಇದು ಮಾತ್ರ ಊರ ಬಾಗಿಲಲ್ಲೇ ನಿಲ್ಲುತ್ತದೆ.

ಇದರಲ್ಲಿ ಇನ್ನೊಂದು ಕಠಿಣ ಸಂಗತಿ ಇದೆ. ಆ ವರ್ಷದ ಜನವರಿ 1ಕ್ಕೆ ಒಂಬತ್ತರಲ್ಲಿರಬೇಕು ಎಂಬುದು ನಿಯಮ. ಈ ವರ್ಷ ತಪ್ಪಿದರೆ ಬರುವ ವರ್ಷ ನೋಡೋಣ ಎನ್ನುವಂತಿಲ್ಲ. ಬರುವ ವರ್ಷ ಅವನು ಹತ್ತರಲ್ಲಿರುತ್ತಾನೆ. ಒಬ್ಬ ಮಗುವಿಗೆ ಬದುಕಿನಲ್ಲಿ ಒಂದೇ ಫೆಬ್ರುವರಿ.

ಏನೇನು ಸಿದ್ಧ ಇರಬೇಕು?

ಎಂಟನೇ ತರಗತಿಯ ಅಂಕಪಟ್ಟಿ. ಮೇಳ, ಸ್ಪರ್ಧೆ, ಆಟೋಟದ ಪ್ರಶಸ್ತಿಪತ್ರಗಳು. ಸ್ಕೌಟ್ಸ್ ಗೈಡ್ಸ್ ಸದಸ್ಯತ್ವದ ಪುರಾವೆ. ಎಲ್ಲಕ್ಕೂ ಮಿಗಿಲಾಗಿ ಶಾಲೆಯ ಮುಖ್ಯಸ್ಥರು ಸಹಿ ಹಾಕಿದ ಪ್ರಮಾಣಪತ್ರ. ಆಯ್ಕೆಯಾದವರ ಅಸಲು ಕಾಗದಗಳನ್ನು ಕೇಂದ್ರದಲ್ಲಿ ನೋಡುತ್ತಾರೆ. ಸುಳ್ಳು ಬರೆದರೆ ಅಲ್ಲಿ ಸಿಕ್ಕಿಬೀಳುವುದು ಖಂಡಿತ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಪೇಟೆಯ ಸೈಬರ್ ಅಂಗಡಿಗೆ ಬರಬೇಕು. ಕ್ವಿಜ್ ಮಾತ್ರ ಮಗುವೇ ಬರೆಯಲಿ, ಅಂಗಡಿ ಹುಡುಗ ಒತ್ತುವುದಲ್ಲ. ಅರ್ಜಿಗೆ ಕೊನೆ ದಿನದ ಸಂಜೆ ಓಡುವವರು ಕರೆಂಟು ಹೋಗುವುದನ್ನೂ ಲೆಕ್ಕಕ್ಕೆ ಹಿಡಿದಿರಬೇಕು. ದಿನಾಂಕ ಮತ್ತು ಅಂಕದ ಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗಬಹುದು, ಆದ್ದರಿಂದ ಆ ವರ್ಷದ ಇಸ್ರೋ ಪ್ರಕಟಣೆಯನ್ನೇ ನೋಡುವುದು ಕ್ಷೇಮ.

ಎಂಟು, ಏಳರ ಮಕ್ಕಳಿಗೆ ಇನ್ನೂ ಕಾಲವಿದೆ. ಈಗಲೇ ಸ್ಕೌಟ್ಸ್ ಸೇರಬಹುದು. ಶಾಲೆಯಲ್ಲಿ ವಿಜ್ಞಾನ ಮೇಳವೇ ನಡೆಯದಿದ್ದರೆ ಒಂದನ್ನು ನಡೆಸಿ ಎಂದು ಶಾಲಾಭಿವೃದ್ಧಿ ಸಮಿತಿಯವರು ಕೇಳಬಹುದು. ರಟ್ಟು, ಬಲೂನು, ನಾಲ್ಕು ಮೇಜು ಇದ್ದರೆ ಮೇಳ ಆಗುತ್ತದೆ.

ಸಿಗದವರ ಗತಿ?

ಸೀಟು ಕಡಿಮೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ದೇಶಕ್ಕೆಲ್ಲ ಸುಮಾರು 350. ನಮ್ಮ ರಾಜ್ಯದಲ್ಲೇ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳಿವೆ. ತಾಲ್ಲೂಕಿಗೆ ಒಬ್ಬರಂತೆಯೂ ಬರುವುದಿಲ್ಲ. ಅರ್ಜಿ ಹಾಕಿದ ಬಹುಪಾಲು ಮಕ್ಕಳಿಗೆ ಸಿಗುವುದಿಲ್ಲ. ಇಷ್ಟು ದೊಡ್ಡ ರಾಜ್ಯಕ್ಕೆ ಇನ್ನೂ ಹೆಚ್ಚು ಸೀಟು ಬೇಕು, ಜಿಲ್ಲೆಗೊಂದು ಇಂಥ ಶಿಬಿರ ಬೇಕು ಎಂದು ಕೇಳುವುದು ನ್ಯಾಯವೇ. ಆದರೆ ಅರ್ಜಿಯನ್ನೇ ಹಾಕದ ಜಿಲ್ಲೆ ಯಾವ ಬಾಯಲ್ಲಿ ಕೇಳೀತು?

ಸಿಗದ ಮಕ್ಕಳು ಸೋತವರಲ್ಲ. ಕ್ವಿಜ್‌ಗೆಂದು ಓದಿದ್ದು ಎಲ್ಲಿಗೂ ಹೋಗುವುದಿಲ್ಲ. ಬೆಂಗಳೂರಿನ ನೆಹರೂ ತಾರಾಲಯ, ಮಂಗಳೂರಿನ ಪಿಲಿಕುಳದ ತಾರಾಲಯ ಎಲ್ಲರಿಗೂ ತೆರೆದಿವೆ. ಶ್ರೀಹರಿಕೋಟಾದಲ್ಲಿ ರಾಕೆಟ್ ಹಾರುವುದನ್ನು ಸಾರ್ವಜನಿಕರು ಕೂತು ನೋಡಲು 2019ರಲ್ಲಿ ಗ್ಯಾಲರಿ ಮಾಡಿದ್ದಾರೆ. ಇನ್ನೇನೂ ಆಗದಿದ್ದರೆ ಸಂಜೆ ಹೊತ್ತು ಮಹಡಿ ಹತ್ತಿದರೂ ಆಯಿತು. ನಾನೂರು ಕಿಲೋಮೀಟರು ಎತ್ತರದಲ್ಲಿ ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಕೆಲವು ಸಂಜೆ, ಕೆಲವು ಬೆಳಗಿನ ಜಾವ ಬರಿಗಣ್ಣಿಗೇ ಕಾಣುತ್ತದೆ. ಮಿನುಗದೆ ನೇರ ಸರಿದುಹೋಗುವ ಚುಕ್ಕಿ. ಅದಕ್ಕೆ ಟಿಕೆಟ್ಟೂ ಬೇಡ.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ಪೇಟೆಯ ಟಿ.ವಿ. ಅಂಗಡಿಗಳ ಮುಂದೆ ಜನ ನಿಂತು ಚಪ್ಪಾಳೆ ತಟ್ಟಿದರು, ಸಿಹಿ ಹಂಚಿದರು. ಮಾಡಬೇಕಾದ್ದೇ. ಆದರೆ ಮುಂದಿನ ಯಾನದ ಮುಂದೆ ಕೂರುವವರಲ್ಲಿ ನಮ್ಮ ಜಿಲ್ಲೆಯ ಮಗುವೊಂದು ಇರಬೇಕಾದರೆ ಚಪ್ಪಾಳೆ ಸಾಲದು. ಹೆಡ್‌ಮಾಸ್ಟರು ಫೆಬ್ರುವರಿ ಮೊದಲ ವಾರ ಒಂಬತ್ತನೇ ಕ್ಲಾಸಿಗೆ ಹೋಗಿ ಐದು ನಿಮಿಷ ಮಾತಾಡಬೇಕು. ಬಿ.ಇ.ಓ. ಕಛೇರಿಯಿಂದ ಪ್ರತಿ ಪ್ರೌಢಶಾಲೆಗೆ ಒಂದು ಸುತ್ತೋಲೆ ಹೋಗಬೇಕು. ಅಂಗಡಿಯವರು ಷಟರ್ ಪಕ್ಕದಲ್ಲಿ ಒಂದು ಚೀಟಿ ಅಂಟಿಸಬಹುದು: "ನಿಮ್ಮ ಮನೇಲಿ ಒಂಬತ್ತನೇ ಕ್ಲಾಸಿನವರಿದ್ದಾರಾ? ಯುವಿಕಾ ಅರ್ಜಿ ಹಾಕಿದ್ರಾ?"

ಗೋಂದಿನ ಖರ್ಚು ನಾಲ್ಕಾಣೆ ಬಂದೀತು. ಬಾಕಿ ಎಲ್ಲ ಇಸ್ರೋ ಖಾತೆಗೆ.